ಸರ್ವರ್ ಡೌನ್ ಐತ್ರಿ

ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದ, ಬ್ಯಾಟರಿ ಅಂಗಡಿ ಮ್ಯಾಲ
ಹತ್ತು ಬೈ ಹನ್ನೆರಡರ ಖೋಲಿ.
ಎರಡು ಕಪಾಟು, ಒಂದು ಎಸಿ, ನಾ.
ಸಾವಿರದ ನೂರು ಮನಿಗೆ ಇಲ್ಲಿಂದ ಎಳಿ ಹೋಗತೈತಿ
ಕಂಬದಿಂದ ಕಂಬಕ್ಕ, ಮಾಳಗಿಯಿಂದ ಮಾಳಗಿಗೆ.
ಕೆಳಗ ಮಗ್ಗದ ಎಳಿ, ಮ್ಯಾಲ ಬೆಳಕಿನ ಎಳಿ,
ಮ್ಯಾಲಿಂದು ಹರದ್ರ ನನಗ ಫೋನು.

ರಾತ್ರಿ ಹನ್ನೊಂದೂವರಿಗೆ ಮೇಲ್ ಬಂತು.
ಪಟ್ಟಿ. ಇನ್ನೂರಾ ಮೂವತ್ತೆರಡು ವಿಳಾಸ.
‘ತಕ್ಷಣ’ ಅಂತ ದಪ್ಪಕ್ಷರದಾಗ,
‘ಗೋಪ್ಯ’ ಅಂತ ಅದರ ಕೆಳಗ.
ಯಾಕ ಅನ್ನೂದಕ್ಕ ಜಾಗಾನ ಬಿಟ್ಟಿಲ್ಲ.
ಸಹಿ ಐತಿ, ಓದಾಕ ಬರೂದಿಲ್ಲ.

ಮುಚ್ಚೂಕಿಂತ ಮೊದಲ ಒಂದೊಂದನ್ನೂ ತೆರದು ನೋಡತೇನಿ,
ತಪ್ಪು ಅನ್ರಿ, ಚಟ ಅನ್ರಿ.
ನಾಕನೇದು ಸತ್ತು ಮೂರು ವರ್ಷ ಆಗಿತ್ತು,
ಖಾಲಿ ಮನಿಗೆ ಕೀಲಿ ಹಾಕಿದೆ.
ಒಂದು ಹೊಲಸು. ಖರೇನ ಹೊಲಸು.
ಅದನ್ನ ಮುಚ್ಚಿ ಕೈ ತೊಳಕೊಂಡು ಬಂದೆ.
ನೂರಾ ಹದಿನೇಳನೇದು ಬರೇ ಉಪ್ಪಿನಕಾಯಿ,
ಮಾವಿನ ಮಿಡಿ, ಸಾಸಿವಿ, ಯಾವದೋ ಮುದುಕಿಯ ಕೈ;
ಎಷ್ಟು ಜಾಲಾಡಿದ್ರೂ ಉಪ್ಪಿನಕಾಯೀನ.
ಇನ್ನೊಂದರಾಗ ಒಬ್ಬಾಕಿ ಲೆಕ್ಕ ಕೇಳಿದ್ಲು,
ಕೆರಿ ಹೂಳೆತ್ತಿದ್ದರ ಲೆಕ್ಕ,
ದಿನಕ್ಕ ಎಷ್ಟು ಖೇಪು, ಟ್ರಾಕ್ಟರ್ ನಂಬರ್ ಸಹಿತ.
ಎಲ್ಲಾ ಓದಿದೆ. ಎರಡ ಸರ್ತಿ.
ಆಮ್ಯಾಲ ಎಂಟರ್.
ಊರಿಗೆ ಬ್ಯಾಡಾದ್ದೆಲ್ಲಾ ಗೊತ್ತಿರಾಂವ
ನಾ ಒಬ್ಬನ.

ಪಟ್ಟಿಯ ಕತಿ ಇರಲಿ.
ಮಾಲಕರು ಪುಣೆಯಿಂದ ಒಂದು ಡಬ್ಬಿ ತರಿಸಿದ್ರು,
ಶಬ್ದ ಹಿಡಿಯೂ ಡಬ್ಬಿ. ಕನ್ನಡಾನೂ ಹಿಡೀತೈತಂತ.
‘ಶಬ್ದ ನೀನ ಬರದು ಕೊಡು’ ಅಂದ್ರು.
ಬರದೆ. ಸಂಡಾಸದ ಗ್ವಾಡಿ ಮ್ಯಾಲಿನವು,
ಬಸ್ಸಿನ ಸೀಟಿನ ಹಿಂದಿನವು.
ಖೋಲಿಯಾಗ ಯಾರೂ ಇರಲಿಲ್ಲ,
ಆದ್ರೂ ಬಾಗಲಾ ಹಾಕ್ಕೊಂಡಿದ್ದೆ.

ಮರುದಿನ ಫೋನು. ಹೆಲ್ತ್ ಕ್ಯಾಂಪಿನ ಸಿಸ್ಟರು, ಶಕುಂತಲಾ ಬಾಕಳೆ.
“ಪುಟಾ ತೆರೀವಲ್ದು. ಹದಿನಾಕು ಹೆಣ್ಮಕ್ಕಳನ್ನ ಕುಂದರಿಸೇನಿ.”
ಯಾವ ಪುಟಾರಿ?
“ಮೊಲಿಯಾಗ ಗಂಟಾದ್ರ ಹೆಂಗ ತಿಳೀತೈತಿ ಅನ್ನೂದು.”
ಅರ್ಧಾ ಕಿಲೋ ಸಕ್ರಿ ಕೇಳಿದಂಗ ಕೇಳಿದ್ಲು.
ಸರ್ವರ್ ಡೌನ್ ಐತ್ರಿ, ಅಂದೆ.
“ಉಳದದ್ದೆಲ್ಲಾ ಬರತೈತಲ್ಲಾ?”
ಒಂದು ಶಬ್ದ ಅಡ್ಡ ಬಂದೈತ್ರಿ.
“ಯಾವ ಶಬ್ದ?”

“ಅಣ್ಣಾ, ಯಾವ ಶಬ್ದ?”

ಎಸಿ ಗುಂಯ್ ಅಂತಿತ್ತು.
ನಾನ ಟೈಪ್ ಮಾಡಿದ್ದು, ಎರಡಕ್ಷರ.

ನಮ್ಮ ಚಿಗವ್ವ ನೀಲವ್ವ
ಪಡಸಾಲಿ ಕಂಬಕ್ಕ ಒರಗಿ ‘ಎದಿ ಸೆಳೀತೈತಿ’ ಅಂತಿದ್ಲು.
‘ಗ್ಯಾಸು’ ಅಂದ್ರು. ಓಮಕಾಳು ಕೊಟ್ರು. ದೃಷ್ಟಿ ತೆಗದ್ರು.
ಎಡಗೈ ಎತ್ತಾಕ ಬರದಂಗ ಆದ ಮ್ಯಾಲೂ
ಎದಿ, ಅಂದ್ಲು.
ಹುಬ್ಬಳ್ಳಿ ದೊಡ್ಡ ದವಾಖಾನಿಯೊಳಗ
ಡಾಕ್ಟರ್ ಆ ಶಬ್ದ ಅಂದ ಕೂಡ್ಲೆ
ಅಪ್ಪ ನನ್ನ ಎರಡೂ ಕಿವಿ ಮುಚ್ಚಿದ.
ಬೀಡಿ ವಾಸನಿಯ ಕೈ.
ಆಗ ಪುಣೆಯ ಡಬ್ಬಿ ಇನ್ನೂ ಬಂದಿರಲಿಲ್ಲ.

ಫೋನ್ ಇಡಲಾರದ ತೆಗದೆ ಆ ಶಬ್ದ.
ಲಾಗಿನಾಗ ‘ಪರೀಕ್ಷೆ’ ಅಂತ ಬರದೆ.
“ಬಂತು, ಬಂತು” ಅಂದ್ಲು.
ಆಕಿ ಹಿಂದ ಹದಿನಾಕು ಮಂದಿ ಕಿಸಕ್ಕಂತ ನಕ್ಕದ್ದು ಕೇಳಿಸ್ತು,
ಆಮ್ಯಾಲ ಏನೂ ಕೇಳಿಸಲಿಲ್ಲ.
ನೋಡಾಕ ಹತ್ತಿರಬೇಕು.

ದೊಡ್ಡ ಧೈರ್ಯ ಅಂತ ತಿಳೀಬ್ಯಾಡ್ರಿ.
ಪಟ್ಟಿ ಹಂಗ ಐತಿ. ಲೆಕ್ಕ ಕೇಳಿದಾಕಿ ಅದರೊಳಗ ಅದಾಳ,
ಉಪ್ಪಿನಕಾಯಿ ಮುದುಕೀನೂ.
ಸಂಜಿಮುಂದ ಮಗ್ಗದ ಮನಿ ಹುಡುಗ ಒಬ್ಬ
ಮೆಟ್ಟಲಾ ಹತ್ತಿ ಬಂದು ಕೇಳಿದ:
“ಕಾಕಾ, ಆ ಕೆರಿದು ತೆರೀವಲ್ದು. ಯಾಕ?”
ಸರ್ವರ್, ಅಂದೆ.
ಮುಂದಿಂದು ಕೇಳಾಕ ಅಂವ ನಿಂತ.
ಟ್ರಾಕ್ಟರ್ ನಂಬರ್ ನನ್ನ ನಾಲಿಗಿ ತುದಿಗೆ ಇತ್ತು.
ಇನ್ನೂ ಐತಿ.